ಅತ್ತೆಗೆ ನೆನಪಾಗದ ಬೀಸೋ ಪದ

ಜೂನ್ 9, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆ ಮೇಲಿರುವ ಕುಕ್ಕರೇ, ಸಭೆಯಲ್ಲಿ ಕೂತ ಮಿಕ್ಕ ಪಾತ್ರೆಗಳೇ — ಮನೆಪಾಠದಲ್ಲಿ ಜನಪದದ ಮಹತ್ವ ಕುರಿತು ಎರಡು ಮಾತು. ಮಗಳು ಕವನಾ, ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ತ್ರೀ ಟೇಬಲ್ ತಲೆಗೆ ಹತ್ತಿರಲಿಲ್ಲ. ಇವತ್ತು ಹತ್ತಿತು.

ಮೂರೊಂದ್ಲಿ ಮೂರು, ಮೊರದಲ್ಲಿ ಕೇರು
ಮೂರೆರಡ್ಲಿ ಆರು, ಮುದ್ದೆಗೆ ಸಾರು...

"ಯಾರ ಹಾಡಮ್ಮಾ?"

"ನಿಮ್ಮಜ್ಜಿಯ ಅವ್ವ ರಾಗಿ ಬೀಸ್ತಾ ಹೇಳ್ತಿದ್ದ ಪದ ಕಣೇ."

ಊಟ ಮಾಡ್ತಾನೂ ಹಾಡಿದ್ಲು.

ಜೂನ್ 14, ಶನಿವಾರ

ಕವನಾ ಹಾಡೋದನ್ನ ಪಕ್ಕದ ಮನೆ ಮಾನಸ ವಿಡಿಯೋ ಮಾಡಿ ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿಗೆ ಹಾಕಿದಾಳೆ. 'ಮಾರೇನಹಳ್ಳಿಯ ಹಳೇ ಬೀಸೋ ಪದ.' ಮಾರೇನಹಳ್ಳಿ ನಮ್ಮತ್ತೆ ತವರು. ಹಾರ್ಟೋ ಹಾರ್ಟು.

"ಅಕ್ಕಾ, ನಾಳೆ ನಿಮ್ಮತ್ತೆ ಕೈಲೇ ಹಾಡಿಸೋಣ. ಮಕ್ಳನ್ನೆಲ್ಲ ಕರ್ಕೊಂಡ್ಬರ್ತೀನಿ."

ಹ್ಞೂಂ ಅಂದೆ. ಇದಕ್ಕೆ ಮಾತ್ರ ಪ್ರಾಸ ಸಿಗ್ತಿಲ್ಲ.

ಜೂನ್ 15, ಭಾನುವಾರ

ಅತ್ತೆ ಮುನಿಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು ಕೂತ್ರು. ತಮಗೆ ಬರೋ ಬೀಸೋ ಪದ ಹಾಡಿದ್ರು — ತುಂಬಾ ಚೆನ್ನಾಗಿ. ಆಮೇಲೆ ಕವನಾ, "ಅಜ್ಜಿ, ಈಗ ಮೂರೊಂದ್ಲಿ ಮೂರು." ಅತ್ತೆ ನನ್ನ ಮುಖ ನೋಡಿದ್ರು. "ಇದು ನಂಗೆ ಬರಾಕಿಲ್ವಲ್ಲವ್ವ."

"ನಿಮ್ಮವ್ವನ ಪದ ಅಲ್ವಾ ಅಜ್ಜಿ?"

ಮಾನಸ ನನ್ನ ಕಿವೀಲಿ, "ಪಾಪ, ಮರೆವು ಶುರುವಾಯ್ತೇನೋ ಅಕ್ಕ."

ಕಾಫಿ ತರೋ ನೆಪ ಮಾಡಿ ಎದ್ದುಬಿಟ್ಟೆ.

ಜೂನ್ 27, ಶುಕ್ರವಾರ

ಬರೆಯೋ ಮುಖ ಇರಲಿಲ್ಲ... ಅತ್ತೆ ಈಗ ಉಪ್ಪು ಹಾಕಿದ್ನಾ ಅಂತ ಪದೇ ಪದೇ ಕೇಳ್ತಾರೆ. ಒಲೆ ಹತ್ರ ಹೋಗಬೇಡ ಅಂತ ತಮ್ಮವ್ವಂಗೆ ಹೇಳಿದಾರೆ ಇವರು. ನರದ ಡಾಕ್ಟರ ಹತ್ರ ನಾಳೆ ಸಂಜೆ ಅಪಾಯಿಂಟ್‌ಮೆಂಟು.

"ನಮ್ಮವ್ವನ ಪದಾನೇ ಮರೆತ್ನಲ್ಲೋ ಯೋಗಾನಂದ. ನಾಳೆ ನಿನ್ನೂ ಮರೆತೀನೇನೋ."

"ವಯಸ್ಸು ಕಣವ್ವ, ಬಿಡು."

ನಾನು ಪಕ್ಕದಲ್ಲೇ ಕೂತು ಬಟಾಣಿ ಬಿಡಿಸ್ತಿದ್ದೆ. ಬಿಡಿಸ್ತಾನೇ ಇದ್ದೆ.

ಜೂನ್ 28, ಮಧ್ಯಾಹ್ನ

ರೂಮಲ್ಲಿ ಅಜ್ಜಿ-ಮೊಮ್ಮಗಳು. "ಇನ್ನೊಂದ್ಸಲ ಹೇಳ್ಕೊಡವ್ವ. ಡಾಕ್ಟ್ರು ಕೇಳಿದ್ರೆ ಹೇಳ್ಬೇಕು." ಕವನಾ ತಪ್ಪು ತಿದ್ದುತ್ತಾಳೆ, ಥೇಟ್ ನನ್ನ ಹಾಗೇ.

ನನ್ನ ನೋಡಿ ಅತ್ತೆ ನಕ್ಕರು. ಎರಡು ವಾರದಲ್ಲಿ ಮೊದಲ ಸಲ. "ನಮ್ಮವ್ವಂದು ಹೆಬ್ಬೆಟ್ಟು ಕಣಮ್ಮ. ಸ್ಕೂಲು ಕಂಡೋಳಲ್ಲ. ಮಗ್ಗಿ ಬತ್ತಿತ್ತು ಅಂತ ನಂಗೇ ಗೊತ್ತಿರಲಿಲ್ಲ, ನೋಡು."

ಆ ಅವ್ವ ಅದನ್ನ ಯಾವತ್ತೂ ಹಾಡಿಲ್ಲ. ಅವರಿಗೆ ಮಗ್ಗಿ ಬರ್ತಿರಲಿಲ್ಲ. ಒಗ್ಗರಣೆ ಹಾಕ್ತಾ ನಾನೇ ಕಟ್ಟಿದ್ದು. ನಿಮ್ಮಮ್ಮ ಕಟ್ಟಿದ್ದು ಅಂದ್ರೆ ಯಾರು ಕೇಳ್ತಾರೆ ಅಂತ ಕವನಾಗೆ ಆ ಅವ್ವನ ಹೆಸರು ಹೇಳಿದ್ದೆ... ಈಗ್ಲೇ ಹೋಗಿ ಹೇಳ್ತೀನಿ. ಇವರು ಆಟೋ ತರೋಕೆ ಮುಂಚೆ, ಅತ್ತೆ ಸೀರೆ ಬದಲಾಯಿಸೋಕೆ ಮುಂಚೆ. ಇಗೋ, ಎದ್ದೆ.