ಕಂಡಿಕಿ ಬುಟ್ಟಿ ಮ್ಯಾಲಿಟ್ಟೇನಿ

ಏನ್ರಿ,

ಅಕ್ಕನ್ನ ನೋಡಾಕ ಎಂಟರ ಬಸ್ಸಿಗೆ ಹುನಗುಂದಕ್ಕ ಹೊಂಟೇನಿ, ಸಂಜಿಮುಂದ ಬರ್ತೇನಿ. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೇನಿ.

ನೂಲು ಸುತ್ತಿದ ಕಂಡಿಕಿ ನಾಕ ಅಷ್ಟ ಮಗ್ಗದ ಹಂತೇಕ ಅದಾವ. ಉಳಿದದ್ದು ಬುಟ್ಟ್ಯಾಗ, ಮ್ಯಾಲಿನ ಹಲಗಿ ಮ್ಯಾಲ. ನಾಕ ಮುಗಿದ್ರ ಮಗ್ಗದ ಕುಣಿಯಿಂದ ಎದ್ದು ಬಂದು, ಕೈ ಚಾಚಿ ಮತ್ತ ನಾಕ ತಗೋರಿ. ಬುಟ್ಟಿನ ಇಳಿಸ್ಕೊಂತೇನಿ ಅಂದ್ರ ಆಗಂಗಿಲ್ಲ, ಗೂಟಕ್ಕ ಬಿಗಿದು ಕಟ್ಟೇನಿ.

ಎದ್ದಾಗೊಮ್ಮೆ, ನಿಮ್ಮ ಬೆನ್ನುನೋವಿಗೆ ಡಾಕ್ಟರ್ ತೋರಿಸಿದಂಗ, ಸೊಂಟಕ್ಕ ಕೈ ಕೊಟ್ಟು ಐದು ಸಲ ಹಿಂದಕ್ಕ ಬಾಗ್ರಿ. "ದಿನಾ ಮಗ್ಗ ತುಳೀತೇನಲ್ರಿ, ಅದ ವ್ಯಾಯಾಮ" ಅಂತ ಅವರ ಮುಂದ ಅಂದ್ರಿ. ನಾ ನಾಚಿ ಸತ್ತೆ.

ಏಳಾಕ ದಿನಾ ನನ್ನ ಹೆಗಲ ಹಿಡೀತೀರಿ. ಇವತ್ತ ಆ ಹೆಗಲ ಹುನಗುಂದಕ್ಕ ಹೋಗೇತಿ. ಗ್ವಾಡಿ ಹಿಡ್ಕೊಂಡು ಸಾವಕಾಶ ಏಳ್ರಿ. ಸೀರಿ ನಾಳಿಗೆ ಮುಗಿದ್ರೂ ನಡೀತೈತಿ.

ಒಳಗ ಚಿಲಕ ಹಾಕ್ಕೊಂಡಿರ್ರಿ. ಸಂಜಿಗೆ ಬಂದು ಬಾಗಿಲ ಬಡೀತೇನಿ. ಕುಣ್ಯಾಗ ಕುಂತು ಒದರಬ್ಯಾಡ್ರಿ. ನೀವ ಎದ್ದು ಬಂದು ತಗಿಯೂ ತನಕ ಹೊರಗ ನಿಂದರ್ತೇನಿ. ಎಷ್ಟ ಹೊತ್ತಾದ್ರೂ ನಿಂದರ್ತೇನಿ.

ಗುರುಸಿದ್ದವ್ವ