ಗೀರು ಹಾಕಿದ ತಟ್ಟೆ

ವಾಮಂಜೂರು, ಮಂಗಳೂರು
ಗುರುವಾರ, ೧೫-೫-೨೦೨೫

ಪ್ರೀತಿಯ ಮಗ ದೀಪೇಶನಿಗೆ,

‘ಹಾಗಾದರೆ ಡಾಕ್ಟರು ಸುಳ್ಳು ಹೇಳಿದರಾ’ ಎಂದು ನಿನ್ನೆ ಫೋನಿನಲ್ಲಿ ನಿನ್ನನ್ನು ಕೇಳಲು ನನಗೆ ಉಸಿರು ಸಾಲಲಿಲ್ಲ, ಅಷ್ಟರಲ್ಲಿ ನೀನು ‘ಸಿಗ್ನಲ್ ಇಲ್ಲ ಪಪ್ಪಾ’ ಎಂದು ಇಟ್ಟುಬಿಟ್ಟೆ. ಬರೆಯಲು ಅಷ್ಟು ಉಸಿರು ಬೇಡ. ಬರೆದು ಫೋಟೋ ಕಳಿಸುತ್ತೇನೆ. ಮಸ್ಕತ್ತಿನ ಬಿಸಿಲಿಗೆ ನಿನ್ನ ತಲೆನೋವು ಹೇಗುಂಟು? ನೀರು ಕುಡಿ. ನಾನು ಸ್ನಾನದ ಮನೆಯಿಂದ ಮಂಚಕ್ಕೆ ಬರುವಾಗ ಎರಡು ಸಲ ಗೋಡೆ ಹಿಡಿಯುತ್ತೇನೆ. ಪತ್ರ ಬರೆಯಲು ಕಾಲೇಜಿನಲ್ಲಿ ಕಲಿಸಿದ ಇಂಗ್ಲಿಷಿನ ‘ಐ ಬೆಗ್ ಟು ಸ್ಟೇಟ್’ ಮಾತ್ರ ನೆನಪುಂಟು, ಮುಂದಿನದ್ದು ಮರೆತಿದೆ. ಇರಲಿ.

ಇಷ್ಟು ದಿನ ಡಾಕ್ಟರ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದವನು ನೀನು. ಸೋಮವಾರ ನಾನೇ ಪಕ್ಕದ ಮನೆಯ ಡೆನಿಸನ ರಿಕ್ಷಾದಲ್ಲಿ ಕಂಕನಾಡಿಯ ಆಸ್ಪತ್ರೆಗೆ ಹೋದೆ. ಪಂಪ್‌ವೆಲ್ ಸರ್ಕಲಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತೆವು, ಅದು ಬೇರೆ ಕಥೆ. ಶ್ವಾಸಕೋಶದ ಊದುವ ಪರೀಕ್ಷೆ ಮುಗಿದ ಮೇಲೆ, ಎರಡು ಮಾಸ್ಕ್ ಹಾಕಿ ದೂರ ಕೂತು, ‘ಈ ಇನ್‌ಫೆಕ್ಷನ್ ಮೊಮ್ಮಗಳಿಗೆ ಹರಡುವುದು ಯಾವಾಗ ನಿಲ್ಲುತ್ತದೆ’ ಎಂದು ಕೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ‘ಎಂತ ಇನ್‌ಫೆಕ್ಷನ್? ಇದು ಹರಡುವುದೇ ಅಲ್ಲ. ನಿಮ್ಮ ರಕ್ತದ ಕ್ಯಾನ್ಸರಿಗೆ ಮಗ ಕೊಟ್ಟ ಸ್ಟೆಮ್ ಸೆಲ್ ಉಂಟಲ್ಲ, ಅದರಿಂದ ಹುಟ್ಟಿದ ಕೋಶಗಳೇ ಶ್ವಾಸಕೋಶವನ್ನು ಬೇರೆಯವರದ್ದೆಂದು ಹೊಡೀತಾ ಉಂಟು. ಜನವರಿಯಲ್ಲೇ ಮಗನಿಗೆ ಹೇಳಿದ್ದೇನಲ್ಲ!’

ಜನವರಿಯಲ್ಲಿ ರಜೆಗೆ ಬಂದ ನೀನು ಆ ಕೋಣೆಯಿಂದ ಹೊರಗೆ ಬಂದು ನನಗೆ ಹೇಳಿದ್ದು, ‘ಇನ್‌ಫೆಕ್ಷನ್ ಪಪ್ಪಾ, ಮಗುವಿನಿಂದ ಸ್ವಲ್ಪ ದೂರ ಇರಿ.’ ನಿನ್ನ ಹೆಂಡತಿ ಭವ್ಯಶ್ರೀ ನಂಬಿದಳು, ಅವಳ ತಪ್ಪಿಲ್ಲ. ನನ್ನ ತಟ್ಟೆಯ ಅಂಚಿಗೆ ಮೊಳೆಯಿಂದ ಗೀರು ಎಳೆದು ಬೇರೆ ಇಟ್ಟಳು. ನಾಲ್ಕು ತಿಂಗಳಿಂದ ಪ್ರಾಪ್ತಿ ಕಿಟಕಿಯ ಆಚೆ ನಿಂತು, ‘ಅಜ್ಜ, ಇವತ್ತು ಬಂಗುಡೆ ಮೀನಿನ ಮುಳ್ಳು ನಾನೇ ತೆಗೆದೆ’ ಎನ್ನುತ್ತಾಳೆ. ಅವಳಿಗೆ ಮುಳ್ಳು ತೆಗೆದು ಕೊಡುತ್ತಿದ್ದದ್ದು ನಾನಲ್ಲವಾ ಮಾರಾಯ.

ನಿನ್ನ ಕೋಶ ನನ್ನನ್ನು ಹೊಡೆದರೆ ನೀನೇನು ಮಾಡುತ್ತೀ? ಹೇಳಿದ್ದರೆ ನಗುತ್ತಿದ್ದೆ, ಚಿಕ್ಕಂದಿನಲ್ಲೂ ನೀನು ನನ್ನ ಮಾತು ಕೇಳಿದವನಲ್ಲ. ಆದರೆ ಆ ಸುಳ್ಳು ಕೋಶ ಹೇಳಿದ್ದಲ್ಲ, ನೀನು ಹೇಳಿದ್ದು. ನಿನ್ನ ಕಡೆ ಯಾರೂ ಬೆರಳು ತೋರಿಸಬಾರದೆಂದು ನನ್ನನ್ನು ಕೋಣೆಯೊಳಗೆ ಹಾಕಿದೆ. ನಿನ್ನ ಅಮ್ಮ ಇದ್ದಿದ್ದರೆ ಮುಖ ನೋಡಿಯೇ ಹಿಡಿಯುತ್ತಿದ್ದಳು. ಅವಳು ಹೋದ ಮೇಲೆ ನಾನು ನಿನ್ನ ಮಾತನ್ನೇ ನಂಬಿ ಕೂತವನು.

ಅಕ್ಷರ ಕಾಣುತ್ತಿಲ್ಲ, ಗದ್ದೆಯ ಆಚೆ ಬೆಳಕು ಇಳಿಯಿತು. ಸ್ವಿಚ್ಚಿನವರೆಗೆ ಎದ್ದು ಹೋದರೆ ಮತ್ತೆ ಹತ್ತು ನಿಮಿಷ ಏದುಸಿರು. ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮ ಮನೆಯ ದೈವ ನಿನ್ನ ಬೆನ್ನಿಗಿರಲಿ.

ನಿನ್ನ ಪಪ್ಪ,
ಪೂವಪ್ಪ

ತಾ.ಕ.: ಭವ್ಯಶ್ರೀಗೆ ನಾನಿನ್ನೂ ಹೇಳಿಲ್ಲ. ಹೋದ ಉಸಿರು ತಿರುಗಿ ಬರುವುದಿಲ್ಲವಂತೆ, ಉಳಿದದ್ದನ್ನು ಮದ್ದಿನಲ್ಲಿ ಹಿಡಿಯಲು ನೋಡಬಹುದಂತೆ. ಶೀತ ಇಲ್ಲದ ಮಗು ಪಕ್ಕದಲ್ಲಿ ಕೂರಬಹುದಂತೆ. ಶನಿವಾರದೊಳಗೆ ಭವ್ಯಶ್ರೀಗೆ ನೀನೇ ಹೇಳು. ಆದಿತ್ಯವಾರ ನಾನು ಈ ಗೀರಿನ ತಟ್ಟೆ ಹಿಡಿದು ಪ್ರಾಪ್ತಿಯ ಪಕ್ಕ ಊಟಕ್ಕೆ ಕೂರುತ್ತೇನೆ. ‘ಏಳಿ ಮಾವ’ ಎಂದು ಭವ್ಯಶ್ರೀ ಹೇಳಬೇಕಾಗಿ ಬಂದರೆ, ಏಳದಿರುವ ಕಾರಣವನ್ನು ಮಗುವಿನ ಎದುರೇ ಹೇಳುತ್ತೇನೆ.