ಬುಟ್ಟಿಗೆ ಆಮೇಲೆ ಬಿದ್ದ ಮೂರು

ಸೆಪ್ಟೆಂಬರ್ 19, ಗುರುವಾರ

ಟ್ರಾಮ್ ಇವತ್ತೂ ಕಣ್ಣೆದುರೇ ಹೊರಟುಹೋಯಿತು. ನಡೆದೇ ಹೋದೆ. ಮಧ್ಯಾಹ್ನದವರೆಗೂ ಹಳೆಯ ಚರ್ಚ್ ರಿಜಿಸ್ಟರಿನ ಹರಿದ ಹಾಳೆಗಳಿಗೆ ತೆಳು ಕಾಗದ ಅಂಟಿಸುವ ಕೆಲಸ. ಪಕ್ಕದಲ್ಲಿ ಕೂರುವ ವಿದ್ಯಾರ್ಥಿಗಳಿಗೆಲ್ಲ ಇಪ್ಪತ್ತಮೂರು, ಇಪ್ಪತ್ತನಾಲ್ಕು. ನನಗೆ ನಲವತ್ತನಾಲ್ಕು. ಆದರೂ ನಡುಗದ ಕೈ ನನ್ನದೊಂದೇ... ಇಂಥ ಸಣ್ಣ ಹೆಮ್ಮೆಗಳು ಜಾಸ್ತಿಯಾಗುತ್ತಿವೆಯೇನೋ.

ವಾರವಿಡೀ ಸುರಿದ ಮಳೆ ನಿಂತಿದೆ. ಚೆಕ್ ದೇಶದ ಈ ಬರ್ನೋದಲ್ಲಿ ಈಗ ಎಲ್ಲರ ಬಾಯಲ್ಲೂ ಅಣಬೆ. ಶನಿವಾರ ಯೂನಿವರ್ಸಿಟಿಯ ನಮ್ಮ ವಿಭಾಗದವರೆಲ್ಲ ಕಾಡಿಗೆ. ಕರೆದೊಯ್ಯುವವರು ಕೌಬೆಕ್, ವಿಭಾಗದ ನಿವೃತ್ತ ಬುಕ್‌ಬೈಂಡರ್. ರೂಮ್‌ಮೇಟ್ ಬೆಗಿಮಾಯ್ ಕೂಡ ಬರುತ್ತಾಳಂತೆ. ಕಿರ್ಗಿಸ್ತಾನದ ಓಶ್‌ನವಳು. ನನ್ನನ್ನು ಅವಳ ಭಾಷೆಯಲ್ಲಿ ಎಜೆ ಅನ್ನುತ್ತಾಳೆ — ಅಕ್ಕ.

ಸೆಪ್ಟೆಂಬರ್ 21, ಶನಿವಾರ, ಸಂಜೆ 8

ಸಂಕಷ್ಟಿ. ಚಂದ್ರ ಬರುವವರೆಗೆ ಊಟವಿಲ್ಲ. ಇಲ್ಲಿಗೆ ಬಂದ ಮೇಲೂ ಯಾಕೆ ಬಿಟ್ಟಿಲ್ಲ? ನಂಬಿಕೆಗಿಂತ ಹೆಚ್ಚಾಗಿ ಅಭ್ಯಾಸ ಇರಬೇಕು.

ಒಳ್ಳೆಯ ದಿನ. ಕಾಡಿನಂಚಿನ ಬೆಂಚಿನ ಮೇಲೆ ಪೇಪರ್ ಹಾಸಿ ಕೌಬೆಕ್ ಒಬ್ಬೊಬ್ಬರ ಬುಟ್ಟಿಯನ್ನೂ ಸುರಿದು ನೋಡಿದರು. ಕೆಟ್ಟದ್ದು ಸಿಕ್ಕಿದರೆ "ಇದು ನಮ್ಮತ್ತೆಗೆ" ಎಂದು ಪೊದೆಗೆ ಎಸೆಯುವುದು.

ಬೆಗಿಮಾಯ್ ಕೇಳಿದಳು, "ಪಾಪ, ಎಷ್ಟು ಸಲ ಕೊಟ್ರಿ ಅವರಿಗೆ?"

"ಎಷ್ಟ್ ಕೊಟ್ರೂ ತೊಂಬತ್ತೊಂದರ ತನಕ ಗಟ್ಟಿಯಾಗಿದ್ಲು ಕಣೇ!"

ನೋಡಿ ಆದಮೇಲೆ ಬುಟ್ಟಿಗೆ ಬಟ್ಟೆ ಮುಚ್ಚಿಸುತ್ತಾರೆ. "ಬಟ್ಟೆ ಬಿತ್ತು ಅಂದ್ರೆ ಮನೆ ಬಾಗಿಲು ಹಾಕಿದ ಹಾಗೆ. ಇನ್ನು ನೆಂಟರು ಬಂದ್ರೂ ಒಳಗೆ ಬಿಡಬೇಡಿ, ಮೇಡಂ."

ವಾಪಸ್ ಬರುವಾಗ ಟ್ರಾಮ್ ಸ್ಟಾಪಿನ ಪಕ್ಕ, ಓಕ್ ಮರದ ಬುಡದಲ್ಲಿ ಮೂರು ಬಿಳಿ ಮೊಟ್ಟೆ. ಮೊಟ್ಟೆಯಲ್ಲ, ಅಣಬೆ. ಅಂಕೋಲೆಯಲ್ಲಿ ಚಿಕ್ಕಮ್ಮನ ಹುಲ್ಲುಬಣವೆಯ ಕೆಳಗೆ ಬರುತ್ತಿದ್ದವಲ್ಲ, ಥೇಟ್ ಅವೇ. ಇದು ನನಗೆ ಗೊತ್ತು ಅನ್ನಿಸಿತು. ಈ ಊರಿಗೆ ಬಂದ ಹನ್ನೊಂದು ತಿಂಗಳಲ್ಲಿ ಯಾರನ್ನೂ ಕೇಳದೆ ಗೊತ್ತು ಅನ್ನಿಸಿದ ಮೊದಲ ವಸ್ತು. ಬೆಗಿಮಾಯ್ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದಳು. ಬಟ್ಟೆ ಸರಿಸಿ ಒಳಗಿಟ್ಟೆ.

ಮೆಣಸು, ತೆಂಗಿನ ಹಾಲು ಹಾಕಿ ಎಲ್ಲವನ್ನೂ ಸೇರಿಸಿ ಮಾಡಿದೆ. ಬೆಗಿಮಾಯ್ ಎರಡು ತಟ್ಟೆ ತಿಂದಳು. "ಎಜೆ, ನಿಂಗೆ ಸ್ವಲ್ಪ ಉಳಿಸ್ಲಾ?" ಬೇಡ, ನೀನೇ ಮುಗಿಸು ಅಂದೆ. ನನಗೆ ಮೊಸರನ್ನ ಸಾಕು.

ಸೆಪ್ಟೆಂಬರ್ 22, ಭಾನುವಾರ, ಬೆಳಿಗ್ಗೆ 7:10

ಐದೂವರೆಯಿಂದ ಬೆಗಿಮಾಯ್‌ಗೆ ವಾಂತಿ, ಭೇದಿ. ಬಾತ್‌ರೂಮಿನ ನೆಲದ ಮೇಲೇ ಮಲಗಿದ್ದಾಳೆ. "ಪೆಪ್ಪರ್ ಜಾಸ್ತಿ ಆಯ್ತು ಎಜೆ, ನಿಮ್ಮೂರಿನ ಹೊಟ್ಟೆಯಲ್ಲ ನಂದು." ಹಾಗೇ ಇರಲಿ ದೇವರೇ. ಉಪ್ಪು, ಸಕ್ಕರೆ ಹಾಕಿದ ನೀರು ಕೊಟ್ಟೆ.

ಮಧ್ಯಾಹ್ನ 2

ಆಸ್ಪತ್ರೆ. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಹತ್ತಕ್ಕೆ. ಏಳರಿಂದ ಹತ್ತರವರೆಗೆ ಏನು ಮಾಡುತ್ತಿದ್ದೆ? ನೆಲ ಒರೆಸುತ್ತಿದ್ದೆ.

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಮೊದಲು ಕೇಳಿದ್ದೇ ಅಣಬೆಯ ವಿಷಯ. "ಯಾರು ಕಿತ್ತಿದ್ದು? ಗೊತ್ತಿರೋರು ನೋಡಿದ್ರಾ?"

ಹೂಂ, ಇಡೀ ಬುಟ್ಟಿ ನೋಡಿದ್ದಾರೆ, ಐವತ್ತು ವರ್ಷದ ಅನುಭವ ಅವರಿಗೆ — ಅಂದೆ. ಸುಳ್ಳೇನಲ್ಲ. ಅವರು ನೋಡಿದ್ದು ನಿಜ.

"ಉಳಿದಿದ್ದು, ಸಿಪ್ಪೆ, ಏನಾದ್ರೂ ಇದೆಯಾ?"

ಇಲ್ಲ ಅಂದೆ. ಅದು ಸುಳ್ಳು.

ಸಂಜೆ 5

ಮನೆಗೆ ಬಂದು ಕಸದ ಬುಟ್ಟಿಯ ಪೇಪರ್ ಬಿಚ್ಚಿ ನೋಡಿದೆ. ಬಿಳಿ ಬುಡ, ಅದರ ಕೆಳಗೆ ಹರಿದ ಚೀಲದಂಥ ಬಟ್ಟಲು. ಚಿಕ್ಕಮ್ಮನ ಅಣಬೆಗೂ ಇಂಥ ಬಟ್ಟಲಿರುತ್ತಿತ್ತು, ಅದಕ್ಕೇ ಅಲ್ಲವೇ ನಂಬಿದ್ದು. ಆದರೆ ಅದರ ಮೈ ಬೂದು. ಇದರ ಸಿಪ್ಪೆಗೆ ಕಿಟಕಿಯ ಬೆಳಕಿನಲ್ಲಿ ತೆಳು ಹಸಿರು. ಫೋನಿನಲ್ಲಿ ಹುಡುಕಿದೆ. ಫೋಟೋಗಳನ್ನು ನೋಡಿದೆ. ಕೆಳಗೆ ಬರೆದದ್ದನ್ನು ಓದಲಾಗಲಿಲ್ಲ. ಮತ್ತೆ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ಎಸೆಯಲಿಲ್ಲ, ಅಷ್ಟು ಮಾತ್ರ.

ಸೆಪ್ಟೆಂಬರ್ 23, ಸೋಮವಾರ, ಬೆಳಿಗ್ಗೆ 11

ಹುಷಾರಾಗಿದ್ದಾಳೆ! ವಾಂತಿ ನಿಂತಿದೆ. ಎದ್ದು ಕೂತು ಆಸ್ಪತ್ರೆಯ ಸೂಪನ್ನು ಬೈಯುತ್ತಿದ್ದಳು. "ಇದು ಸೂಪಾ? ಆಲೂಗಡ್ಡೆ ಮುಖ ತೊಳೆದ ನೀರು." ನಾಳೆ ಮನೆಗೆ ಕಳಿಸಬಹುದಂತೆ. ಹಾಗಾದರೆ ಹೇಳುವ ಅಗತ್ಯವೇ ಇಲ್ಲ. ಪೆಪ್ಪರೇ ಇರಬಹುದು. ಕ್ಯಾಂಟೀನಿನಲ್ಲಿ ಕಾಫಿ ಕುಡಿದೆ, ಕೇಕ್ ಕೂಡ ತಿಂದೆ.

ಮಧ್ಯಾಹ್ನ 3

ಕೌಬೆಕ್ ಬಂದರು. ಆಸ್ಪತ್ರೆಯವರು ಫೋನ್ ಮಾಡಿದ್ದರಂತೆ. ಕಾರಿಡಾರಿನಲ್ಲಿ ಟೋಪಿ ಹಿಂಡುತ್ತ ನಿಂತಿದ್ದರು.

"ನನ್ನ ಕಣ್ಣೇ ತಪ್ಪಿರಬೇಕು, ಮೇಡಂ. ಆಪರೇಷನ್ ಮಾಡಿಸ್ಕೋ ಅಂತ ಮಗಳು ಹೇಳ್ತಾನೇ ಇದ್ಲು, ನಾನು ಕೇಳಲಿಲ್ಲ."

ಈಗ ಚೆನ್ನಾಗಿದ್ದಾಳೆ, ನಗುತ್ತಿದ್ದಾಳೆ ಅಂದೆ.

ಅವರ ಮುಖ ಬಿಳುಚಿತು. "ನಗ್ತಾ ಇದಾಳಾ? ಎರಡನೇ ದಿನ ಎಲ್ರೂ ನಗ್ತಾರೆ. ನಮ್ಮ ಬೀದೀಲಿ ಒಬ್ಬ ಎರಡನೇ ದಿನ ಎದ್ದು ಹೋಗಿ ಸೌದೆ ಒಡೆದ. ಒಳಗಡೆ ಈರುಳ್ಳಿ ಕೊಳೆಯೋ ಹಾಗೆ ಲಿವರ್ ಕೊಳೀತಾ ಇರತ್ತೆ, ಹೊರಗೆ ವಾಸನೆ ಬರಲ್ಲ."

ಸಂಜೆ 5:30

ಟ್ಯಾಕ್ಸಿಯಲ್ಲಿ ಹೋಗಿ ಪೊಟ್ಟಣ ತಂದೆ. ಡಾಕ್ಟರಮ್ಮನ ಮೇಜಿನ ಮೇಲೆ ಬಿಚ್ಚಿದೆ. ಮೂರು, ನಾನೇ ಕಿತ್ತಿದ್ದು, ಅವರು ನೋಡಿದ ಮೇಲೆ — ಅಂದೆ. ಅವರು ಕೈಗವಸು ಹಾಕಿಕೊಂಡು ಬುಡವನ್ನು ತಿರುಗಿಸಿ ನೋಡಿದರು.

"ನೀವು ತಿಂದ್ರಾ?"

"ಇಲ್ಲ."

"ಯಾಕೆ?"

ಸಂಕಷ್ಟಿಯನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಚಂದ್ರನಿಗಾಗಿ ಕಾಯುತ್ತಿದ್ದೆ ಅಂದೆ. ನನಗೇ ಅದು ಹುಚ್ಚಿಯ ಮಾತಿನಂತೆ ಕೇಳಿಸಿತು.

"ನಿನ್ನೇನೇ ತಂದಿದ್ರೆ..." ಅಂದು ನಿಲ್ಲಿಸಿದರು. ನರ್ಸನ್ನು ಕರೆದರು. ಓಡಾಟ ಶುರುವಾಯಿತು. ಬೇರೆ ಡ್ರಿಪ್. ಮಧ್ಯಾಹ್ನದ ರಕ್ತಪರೀಕ್ಷೆಯಲ್ಲಿ ಲಿವರ್ ನಂಬರ್ ಆಗಲೇ ಏರಿದೆಯಂತೆ.

ಸೆಪ್ಟೆಂಬರ್ 25, ಬುಧವಾರ

ನಂಬರ್ ಸಾವಿರ ದಾಟಿ ಎಲ್ಲಿಗೋ ಹೋಯಿತು. ಬೇರೆಯವರ ಲಿವರ್ ಜೋಡಿಸುವ ಮಾತು ಆಡುತ್ತಿದ್ದಾರೆ. ಕಣ್ಣು ಹಳದಿ. ಮಾತಾಡುತ್ತಲೇ ನಿದ್ದೆಗೆ ಜಾರುತ್ತಾಳೆ.

ಎಚ್ಚರವಾದಾಗ ನನ್ನ ಕೈ ಹಿಡಿದಳು. "ನೀನು ತಿನ್ಲಿಲ್ವಲ್ಲ ಎಜೆ, ಸದ್ಯ." ಸದ್ಯ ಅಂದಳು!

ಆಮೇಲೆ, "ಆ ಮುದುಕನ್ನ ಸುಮ್ನೆ ಬಿಡಲ್ಲ. ಯೂನಿವರ್ಸಿಟಿಗೆ ದೂರು ಬರಿ ಅಂತ ಅಮ್ಮಂಗೆ ಹೇಳಿದೀನಿ. ಕಣ್ಣು ಕಾಣದವನು ಯಾಕೆ ಬುಟ್ಟಿ ನೋಡ್ಬೇಕು?"

ತಲೆದಿಂಬು ಸರಿಮಾಡಿದೆ. ಅಷ್ಟೇ. ಈಗ ಹೇಳಿದರೆ ಅವಳ ಎದೆ ಒಡೆಯುತ್ತದೆ ಎಂದುಕೊಂಡೆ. ಒಡೆಯುವುದು ಅವಳದೋ, ನನ್ನದೋ? ಡಾಕ್ಟರಿಗೆ ಹೇಳಿಯಾಗಿದೆ, ಔಷಧಿಗೆ ಅಷ್ಟು ಸಾಕು ಎಂದೂ ಅನ್ನಿಸಿತು.

ಸೆಪ್ಟೆಂಬರ್ 28, ಶನಿವಾರ, ಬೆಳಿಗ್ಗೆ 10:40

ನಂಬರ್ ಏರುವುದು ನಿಂತಿದೆ. ಇಳಿದಿಲ್ಲ, ನಿಂತಿದೆ. ಇನ್ನೆರಡು ದಿನ ನೋಡಬೇಕಂತೆ. ಅವಳ ಅಮ್ಮನಿಗೆ ವೀಸಾ ಸಿಕ್ಕಿಲ್ಲ.

ಕೌಬೆಕ್ ದಿನಾ ಬಂದು ಕಾರಿಡಾರಿನ ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಒಳಗೆ ಹೋಗುವುದಿಲ್ಲ. ಬೆಗಿಮಾಯ್ ಬೇಡ ಅಂದಿದ್ದಾಳೆ. ಇವತ್ತು ಅವರ ಪಕ್ಕ ಕೂತೆ. ಆ ಮೂರು ಅಣಬೆ ನೀವು ನೋಡಿದವಲ್ಲ, ಬಟ್ಟೆ ಮುಚ್ಚಿದ ಮೇಲೆ ನಾನು ಸೇರಿಸಿದ್ದು ಅಂದೆ.

ಬೈಯಲಿಲ್ಲ. "ಐದು ದಿನದಿಂದ ನಾನು ಕನ್ನಡಿ ನೋಡಿಲ್ಲ, ಮೇಡಂ," ಅಂದರು. ಆಮೇಲೆ, "ಆ ಹುಡುಗಿಗೆ ಗೊತ್ತಾ?"

ಇಲ್ಲ.

"ಹಾಗಾದ್ರೆ ನನ್ನ ಹತ್ರ ಯಾಕೆ ಕೂತಿದೀರಿ? ಏಳಿ."

ಎದ್ದಿದ್ದೇನೆ. ಹನ್ನೊಂದಕ್ಕೆ ಒಳಗೆ ಬಿಡುತ್ತಾರೆ. ಗಾಜಿನಾಚೆ ದಿಂಬಿಗೆ ಒರಗಿ ಕೂತಿದ್ದಾಳೆ, ನನ್ನನ್ನು ಕಂಡು ಕೈ ಎತ್ತಿದಳು. ಮೊದಲ ವಾಕ್ಯವನ್ನಾದರೂ ಇಲ್ಲಿ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಒಳಗೆ ಹೋಗಿ ಮತ್ತೆ ದಿಂಬನ್ನೇ ಸರಿಮಾಡುತ್ತೇನೆ.

ಬೆಗಿಮಾಯ್, ಅವತ್ತು ಟ್ರಾಮ್ ಸ್ಟಾಪಿನಲ್ಲಿ ನೀನು ಅಮ್ಮನ ಜೊತೆ ಮಾತಾಡುತ್ತಿದ್ದಾಗ ನಾನು